ಹುನಗುಂದ ಕಡೆಯ ಕುಸುಬಿ ಗಾಣ: ಎಣ್ಣೆ, ಕೂಲಿ, ಹಿಂಡಿ ಮತ್ತು ಯುದ್ಧದ ರೇಟು

ಬಾಗಲಕೋಟೆ ಜಿಲ್ಲೆಯವರು, ಮನೆಯಲ್ಲಿ ಒಂದೆರಡು ಚೀಲ ಕುಸುಬಿಯೋ ಶೇಂಗಾನೋ ಇದೆ ಅಂದರೆ ಈ ಗಾಣಕ್ಕೆ ಒಮ್ಮೆ ಹೋಗಿ ಬನ್ನಿ. ಹುನಗುಂದದಿಂದ ಸ್ವಲ್ಪ ಒಳಗೆ, ಹಳ್ಳಿಯ ಅಗಸಿ ದಾಟಿದ ಕೂಡಲೇ ಎಡಗಡೆ ತಗಡಿನ ಶೆಡ್ಡು ಕಾಣುತ್ತದೆ. ಬೋರ್ಡು ಇಲ್ಲ. ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಊರಿನ ಹೆಸರು, ಫೋನ್ ನಂಬರ್ ಹಾಕಬೇಡಿ ಅಂತ ಮಾಲಕರೇ ಹೇಳಿದ್ದಾರೆ. ಈಗ ಬರುವ ಜನರಿಗೇ ಗಾಣ ಸಾಲುತ್ತಿಲ್ಲವಂತೆ. ಅದಕ್ಕೆ ಹಾಕಿಲ್ಲ.

ಮರದ ಒರಳು, ಅದರೊಳಗೆ ತಿರುಗುವ ಮರದ ದಿಮ್ಮಿ. ಎತ್ತಿನ ಬದಲು ಕರೆಂಟಿನ ಮೋಟರ್. ಅದೊಂದು ಬಿಟ್ಟರೆ ಉಳಿದದ್ದೆಲ್ಲ ಹಳೇ ಪದ್ಧತಿ. ನಿಧಾನಕ್ಕೆ ತಿರುಗುವುದರಿಂದ ಎಣ್ಣೆ ಬಿಸಿಯಾಗುವುದಿಲ್ಲ. ಕಾಳು ಸುರಿಯುವ ಮುಂಚೆ ಮಾಲಕರು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾರೆ, ಎರಡು ಕಾಳು ಬಾಯಿಗೆ ಹಾಕಿ ಕಚ್ಚಿ ನೋಡುತ್ತಾರೆ. ಕಟ್ ಅಂತ ಸಪ್ಪಳ ಬಂದರೆ ಸರಿ. ಬರಲಿಲ್ಲ ಅಂದರೆ ಮುಖದ ಮೇಲೆ ಹೇಳಿಬಿಡುತ್ತಾರೆ: "ತಮ್ಮಾ, ಕಾಳ ಇನ್ನೂ ಹಸಿ ಐತಿ. ಎರಡ ದಿನ ಬಿಸಲಿಗೆ ಹಾಕಿ ತೊಗೊಂಡು ಬಾ." ಹಸಿ ಕಾಳು ಹಾಕಿದರೆ ಎಣ್ಣೆ ಕಡಿಮೆ ಬೀಳುತ್ತದೆ, ಬಿದ್ದದ್ದೂ ಬೇಗ ಕೆಡುತ್ತದೆ. ಕೂಲಿ ಬಂದರೆ ಸಾಕು ಅಂತ ಹಾಕಿ ಕೊಡುವವರಲ್ಲ ಇವರು. ಕಾಳು ಹಸಿ ಅಂತ ಬಂದ ಗಿರಾಕಿಯನ್ನು ವಾಪಸ್ ಕಳಿಸುವ ಇನ್ನೊಂದು ಅಂಗಡಿ ನಾನಂತೂ ನೋಡಿಲ್ಲ.

ಒರಳಿನ ಕೆಳಗಿನ ತೂತಿನಿಂದ ಮೊದಲು ಹನಿಹನಿಯಾಗಿ, ಆಮೇಲೆ ದಾರದ ಹಾಗೆ ಎಣ್ಣೆ ಇಳಿಯುತ್ತದೆ. ಆಗ ಅದು ಕದಡಿದ ಹಳದಿ ಬಣ್ಣ, ನೋಡೋಕೆ ಅಷ್ಟು ಚೆನ್ನಾಗಿರಲ್ಲ. ಮನೆಗೆ ತಂದು ಎರಡು ಮೂರು ದಿನ ಅಲುಗಾಡಿಸದೆ ಇಟ್ಟರೆ ಮಡ್ಡಿ ಕೆಳಗೆ ಕೂರುತ್ತದೆ, ಮೇಲೆ ತಿಳಿ ಎಣ್ಣೆ ನಿಲ್ಲುತ್ತದೆ. ಅದನ್ನು ಬಿಸಿ ಜೋಳದ ರೊಟ್ಟಿಗೆ, ಗುರೆಳ್ಳು ಚಟ್ನಿ ಪುಡಿ ಮೇಲೆ ಹಸಿಯಾಗಿಯೇ ಹಾಕಿಕೊಂಡು ತಿಂದು ನೋಡಿ. ಎಣ್ಣೆಗಾಯಿಗೂ ಇದೇ ಬೇಕು. ಕುಸುಬಿಯ ಆ ಸ್ವಲ್ಪ ಒಗರು ಸೇರಿದ ವಾಸನೆ ಪಾಕೀಟಿನ ಎಣ್ಣೆಯಲ್ಲಿ ಸಿಗಲ್ಲ, ಅದನ್ನು ರಿಫೈನ್ ಮಾಡುವಾಗಲೇ ತೆಗೆದುಬಿಟ್ಟಿರುತ್ತಾರೆ. ಆದರೆ ಕರಿಯುವುದಕ್ಕೆ ಇದು ಸರಿಹೋಗಲ್ಲ. ಬಜಿ, ಪೂರಿ ಹಾಕಿದರೆ ನೊರೆ ಉಕ್ಕುತ್ತದೆ. ನಮ್ಮ ಮನೆಯಲ್ಲಿ ಕರಿಯುವುದಕ್ಕೆ ಮಾತ್ರ ಇವರ ಹತ್ತಿರವೇ ಶೇಂಗಾ ಎಣ್ಣೆ ತರುತ್ತೇವೆ.

ರೇಟು ಹೀಗಿದೆ. ಕಾಳು ನಿಮ್ಮದಾದರೆ ಕೆಜಿಗೆ ₹12 ಕೂಲಿ, ಹಿಂಡಿ ನಿಮಗೇ. ಹಿಂಡಿ ಅವರಿಗೆ ಬಿಟ್ಟರೆ ಕೂಲಿ ತೆಗೆದುಕೊಳ್ಳಲ್ಲ. ಎಮ್ಮೆ ಇರುವವರು ಯಾರೂ ಹಿಂಡಿ ಬಿಡುವುದಿಲ್ಲ, ಎಮ್ಮೆ ಇಲ್ಲದವರು ಬಿಡುತ್ತಾರೆ. ಹಾಗಾಗಿ ಕೈಯಲ್ಲಿ ರೊಕ್ಕ ಇಲ್ಲದವರೂ ಎಣ್ಣೆ ಮಾಡಿಸಿಕೊಂಡು ಹೋಗಬಹುದು. ಈ ಗಾಣದ ಬಗ್ಗೆ ಇಷ್ಟು ಉದ್ದ ಬರೆಯೋಕೆ ಮುಖ್ಯ ಕಾರಣವೇ ಇದು.

ಸ್ವಲ್ಪ ಹಿಂದಕ್ಕೆ ಹೋಗಬೇಕು. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿತು. ನಮ್ಮೂರಲ್ಲಿ ಅದು ಮೊದಲು ಟಿವಿ ಸುದ್ದಿ. ಕೆಲವೇ ವಾರದಲ್ಲಿ ಕಿರಾಣಿ ಅಂಗಡಿಯ ಸುದ್ದಿ ಆಯಿತು. ನಮ್ಮ ದೇಶಕ್ಕೆ ಹೊರಗಿನಿಂದ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಹತ್ತಕ್ಕೆ ಏಳು ಪಾಲು ಉಕ್ರೇನಿನದೇ, ಉಳಿದದ್ದರಲ್ಲಿ ದೊಡ್ಡ ಪಾಲು ರಷ್ಯಾದ್ದು. ಕಪ್ಪು ಸಮುದ್ರದ ಬಂದರುಗಳು ಬಂದ್ ಆದವು, ಹಡಗು ನಿಂತವು. ಮೊದಲೇ ಏರಿದ್ದ ರೇಟು ಮತ್ತೆ ಏರಿ ಲೀಟರ್ ಪಾಕೀಟು ₹200ರ ಹತ್ತಿರ ಹೋಯಿತು. ಹಾಗಾದರೆ ಪಾಮ್ ಎಣ್ಣೆ ತಗೋಳೋಣ ಅಂದರೆ ಏಪ್ರಿಲ್ 28ರಿಂದ ಇಂಡೋನೇಷ್ಯಾ ಅದರ ರಫ್ತು ನಿಲ್ಲಿಸಿತು. ಮೇ 23ಕ್ಕೆ ಮತ್ತೆ ಬಿಟ್ಟರು, ಆದರೆ ಅಷ್ಟರಲ್ಲಿ ಎಲ್ಲ ಎಣ್ಣೆಯ ರೇಟೂ ಮೇಲೆ ಹೋಗಿತ್ತು. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ್ದು. ಅಲ್ಲಿ ಗುಂಡು ಹಾರಿದರೆ ಇಲ್ಲಿ ಒಗ್ಗರಣೆ ನಿಲ್ಲುತ್ತದೆ.

₹200 ಅಂದರೆ ಎಷ್ಟು ಅಂತ ಪಟ್ಟಣದಲ್ಲಿ ಕೂತು ಗೊತ್ತಾಗಲ್ಲ. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹309. ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಅಷ್ಟೂ ಸಿಗುತ್ತಿರಲಿಲ್ಲ. ಅಂದರೆ ಒಂದು ಲೀಟರ್ ಎಣ್ಣೆ ತಂದರೆ ಒಂದು ದಿನದ ದುಡಿಮೆಯ ಸುಮಾರು ಮೂರರಲ್ಲಿ ಎರಡು ಭಾಗ ಅಂಗಡಿಯವನ ಗಲ್ಲೆಗೆ. ಆಗ ಮನೆಗಳಲ್ಲಿ ಏನಾಯಿತು ಅಂತ ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಮೊದಲು ಕರಿದ ತಿಂಡಿ ನಿಂತವು. ಆಮೇಲೆ ಲೀಟರ್ ಪಾಕೀಟು ಹೋಗಿ ಸಣ್ಣ ಪಾಕೀಟು ಬಂತು, ಕಡೆಗೆ ಉದ್ರಿ. ಪಲ್ಯಕ್ಕೆ ಎಣ್ಣೆ ಕಡಿಮೆ ಆದಾಗ ಗಂಡಸರ, ಮಕ್ಕಳ ತಾಟಿಗೆ ಬಡಿಸಿ ಉಳಿದದ್ದನ್ನು ಹೆಂಗಸರು ಉಂಡರು. ಇದು ಯಾವ ಲೆಕ್ಕಕ್ಕೂ ಬರಲ್ಲ, ಆದರೆ ಯುದ್ಧದ ಖರ್ಚನ್ನು ನಮ್ಮ ಕಡೆ ಮೊದಲು ಕೊಟ್ಟವರು ಅವರೇ.

ಅದೇ ಬೇಸಿಗೆಯಲ್ಲಿ ಈ ಗಾಣದ ಮುಂದೆ ಸರದಿ ಶುರುವಾಯಿತು. ಮುಂಚೆ ಹಬ್ಬಕ್ಕೆ, ಬಾಣಂತನಕ್ಕೆ ಅಂತ ಬರುತ್ತಿದ್ದವರು ತಿಂಗಳ ಖರ್ಚಿಗೆ ಬರತೊಡಗಿದರು. ರಾಶಿಗೆ ಹೋಗಿ ಕೂಲಿಯ ಬದಲು ಕಾಳು ತಂದವರು, ಜೋಳದ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಕುಸುಬಿ ಕಟ್ಟಿಕೊಂಡು ಬಂದವರು, ಹೀಗೆ ಎಲ್ಲರದೂ ಸಣ್ಣ ಸಣ್ಣ ಗಂಟು. ಗಾಣಕ್ಕೆ ಒಮ್ಮೆಗೆ ಇಷ್ಟು ಅಂತ ಕಾಳು ಬೇಕೇ ಬೇಕು, ಮೂರು ನಾಲ್ಕು ಕೆಜಿ ಹಾಕಿದರೆ ತಿರುಗಿದ್ದೂ ವ್ಯರ್ಥ. ಬೇರೆ ಕಡೆ ಆದರೆ ವಾಪಸ್ ಕಳಿಸುತ್ತಾರೆ. ಇವರು ಹಾಗೆ ಮಾಡಲ್ಲ. ಮೂರು ನಾಲ್ಕು ಜನರ ಕಾಳು ತೂಗಿ, ಅವರೆದುರಿಗೇ ಚೀಟಿಯಲ್ಲಿ ಬರೆದು, ಒಟ್ಟಿಗೆ ಹಾಕಿ, ಬಂದ ಎಣ್ಣೆಯನ್ನೂ ಹಿಂಡಿಯನ್ನೂ ತೂಕದ ಪ್ರಕಾರ ಹಂಚುತ್ತಾರೆ. ಮಾಲಕರ ಮನೆಯವರು ತಕ್ಕಡಿ ಹಿಡಿದು ನಿಂತಿರುತ್ತಾರೆ. "ಅಕ್ಕಾರ, ನಂದ ಕಾಳ ಚೊಲೋ ಐತಿ, ಆಕಿದು ಜೊಳ್ಳ ಐತಿ, ಕೂಡಸಬ್ಯಾಡ್ರಿ" ಅಂತ ಜಗಳ ಆಗುವುದೂ ಉಂಟು. ಆಗ ಅವರು ಜೊಳ್ಳು ಕಾಳಿನ ಚೀಲ ಬಿಚ್ಚಿಸಿ, ಅಲ್ಲೇ ಕೇರಿಸಿ, ಆಮೇಲೆಯೇ ತೂಗುತ್ತಾರೆ. ಇಷ್ಟು ತಾಳ್ಮೆ ನನಗಂತೂ ಇಲ್ಲ.

ಪಾಕೀಟಿನ ಎಣ್ಣೆಗಿಂತ ಇದು ಅಗ್ಗವಾ ಅಂತ ಬಹಳ ಜನ ಕೇಳುತ್ತಾರೆ. ಲೆಕ್ಕ ಹಾಕೋಣ. ಕುಸುಬಿಯ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ ₹5,940 ಇತ್ತು. ಒಂದು ಕೆಜಿ ಎಣ್ಣೆಗೆ ಸುಮಾರು ನಾಲ್ಕು ಕೆಜಿ ಕಾಳು ಬೇಕು, ಅಂದರೆ ₹238ರ ಕಾಳು. ಕೂಲಿ ₹48. ಮೂರು ಕೆಜಿ ಹತ್ತಿರ ಹಿಂಡಿ ವಾಪಸ್ ಸಿಗುತ್ತದೆ, ಕೆಜಿಗೆ ₹25 ಹಿಡಿದರೂ ₹75. ಕಳೆದರೆ ಎಣ್ಣೆ ಕೆಜಿಗೆ ₹210 ಆಸುಪಾಸು ಬೀಳುತ್ತದೆ. ಇವರು ತೂಕದಲ್ಲಿ ಕೊಡುತ್ತಾರೆ ಅನ್ನುವುದು ನೆನಪಿರಲಿ, ಲೀಟರ್ ಪಾಕೀಟಿನಲ್ಲಿ ಇರುವುದು 910 ಗ್ರಾಂ ಅಷ್ಟೇ. ಹಾಗಾಗಿ ಮಾಮೂಲಿ ದಿನಗಳಲ್ಲಿ ಗಾಣದ ಎಣ್ಣೆ ಪಾಕೀಟಿಗಿಂತ ದುಬಾರಿಯೇ. 2022ರ ರೇಟಿನಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಆದರೆ ಹಳ್ಳಿಯ ಮನೆಯಲ್ಲಿ ಲೆಕ್ಕ ಹೀಗೆ ನಡೆಯಲ್ಲ. ಮನೆಯಲ್ಲೇ ಬೆಳೆದ ಕಾಳಿಗೆ ರೊಕ್ಕ ಎಣಿಸಬೇಕಾಗಿಲ್ಲ, ಪಾಕೀಟಿಗೆ ನಗದೇ ಬೇಕು. ಯುದ್ಧ ಹಳ್ಳಿಗೆ ಬಂದು ಮೊದಲು ಕಸಿದುಕೊಳ್ಳುವುದು ಈ ನಗದನ್ನೇ. ಎಣ್ಣೆಗೆ, ಗೊಬ್ಬರಕ್ಕೆ, ಬಸ್ಸಿಗೆ, ಔಷಧಿಗೆ ಎಲ್ಲದಕ್ಕೂ ಇರುವುದು ಅದೇ ಒಂದು ಗಂಟು. ಒಂದು ಕಡೆ ಜಾಸ್ತಿ ಹೋದರೆ ಇನ್ನೊಂದು ಕಡೆ ಕಡಿಮೆ ಬೀಳುತ್ತದೆ, ಸಾಮಾನ್ಯವಾಗಿ ಔಷಧಿಗೆ, ಮಕ್ಕಳ ಶಾಲೆಗೆ.

ಗೊಬ್ಬರದ್ದೂ ಅದೇ ಕಥೆ. ಪೊಟ್ಯಾಷ್ ನಮ್ಮ ದೇಶದಲ್ಲಿ ಇಲ್ಲ ಅಂತಲೇ ಹೇಳಬಹುದು, ಪೂರ್ತಿ ಹೊರಗಿನಿಂದ ತರುವುದು. ಅದರ ದೊಡ್ಡ ಮಾರಾಟಗಾರರಲ್ಲಿ ರಷ್ಯಾ, ಬೆಲಾರೂಸ್ ಎರಡೂ ಇವೆ. 2022ರಲ್ಲಿ ಪೊಟ್ಯಾಷ್ ಚೀಲ ₹1,700ಕ್ಕೆ ಹೋಯಿತು. ಡಿಎಪಿ ₹1,200 ಇದ್ದದ್ದು ₹1,350 ಆಯಿತು. ಸರ್ಕಾರ ಸಬ್ಸಿಡಿ ಸುರಿದಿದ್ದಕ್ಕೆ ಅಷ್ಟಕ್ಕೇ ನಿಂತಿತು, ಇಲ್ಲದಿದ್ದರೆ ಮುಟ್ಟೋಕೆ ಆಗುತ್ತಿರಲಿಲ್ಲ. 2022-23ರಲ್ಲಿ ಗೊಬ್ಬರದ ಸಬ್ಸಿಡಿಯೇ ಸುಮಾರು ₹2.5 ಲಕ್ಷ ಕೋಟಿ. ಮುಧೋಳ, ಜಮಖಂಡಿ ಕಡೆಯ ಕಬ್ಬಿನವರಿಗೆ, ವಿಜಯಪುರದ ದ್ರಾಕ್ಷಿಯವರಿಗೆ ಪೊಟ್ಯಾಷ್ ಬಿಟ್ಟರೆ ಆಗಲ್ಲ. ಕುಸುಬಿಗೆ ಅಷ್ಟು ತಾಪತ್ರಯ ಇಲ್ಲ. ಹಿಂಗಾರಿನಲ್ಲಿ ಎರಿ (ಕಪ್ಪು ಮಣ್ಣಿನ) ಹೊಲದ ಹಸಿಯಲ್ಲೇ ಬರುತ್ತದೆ, ಮುಳ್ಳು ಇರುವುದಕ್ಕೆ ದನ ಬಾಯಿ ಹಾಕಲ್ಲ, ಗೊಬ್ಬರ ಕಡಿಮೆ ಆದರೂ ಕೈ ಬಿಡಲ್ಲ. ಹಳಬರು ಜೋಳದ ಹೊಲದಲ್ಲಿ ಇದರ ಸಾಲು ತಪ್ಪಿಸುತ್ತಿರಲಿಲ್ಲ. ಈಗ ಕೊಯ್ಯಲು ಆಳು ಸಿಗಲ್ಲ ಅಂತ ಬಿಟ್ಟಿದ್ದಾರೆ. ಮುಳ್ಳಿಗೆ ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ಬೆಳಗಿನ ಮಂಜಿನಲ್ಲಿ ಕೊಯ್ಯಬೇಕು, ಯಾರು ಬರುತ್ತಾರೆ?

ಸೂರ್ಯಕಾಂತಿ ಬೆಳೆದವರ ಕಥೆಯನ್ನೂ ಹೇಳಬೇಕು, ಗಾಣದ ಕಟ್ಟೆಯ ಮೇಲೆ ಕೂತರೆ ಇದೇ ಮಾತು. ರೇಟು ಏರಿದ ವರ್ಷ ನಮ್ಮ ಕಾಕಾ ಸೇರಿ ಬಹಳ ಜನ ಸೂರ್ಯಕಾಂತಿ ಬಿತ್ತಿದರು. ಯುದ್ಧದಿಂದ ಯಾರಿಗಾದರೂ ಲಾಭ ಆಗುವುದಾದರೆ ಎಣ್ಣೆಕಾಳು ಬೆಳೆಯುವವರಿಗಾದರೂ ಆಗಬೇಕಿತ್ತು ಅಲ್ವಾ? ಆದರೆ 2022ರ ಮೇ ತಿಂಗಳಲ್ಲಿ ಸರ್ಕಾರ ವರ್ಷಕ್ಕೆ 20 ಲಕ್ಷ ಟನ್ ಸೂರ್ಯಕಾಂತಿ ಕಚ್ಚಾ ಎಣ್ಣೆಯನ್ನು ಸುಂಕ ಇಲ್ಲದೆ ತರಿಸಲು ಬಿಟ್ಟಿತು, ಸೋಯಾ ಎಣ್ಣೆ ಬೇರೆ ಅಷ್ಟೇ. ಜುಲೈ 22ಕ್ಕೆ ಇಸ್ತಾಂಬುಲಿನಲ್ಲಿ ಒಪ್ಪಂದ ಆಗಿ ಉಕ್ರೇನಿನ ಬಂದರುಗಳಿಂದ ಹಡಗು ಮತ್ತೆ ಹೊರಟವು. ಅಡುಗೆಮನೆಗೆ ಉಸಿರು ಬಂತು. ಹೊಲಕ್ಕೆ ಮಾತ್ರ ಉಲ್ಟಾ ಆಯಿತು. 2022-23ರ ಸೂರ್ಯಕಾಂತಿ ಬೆಂಬಲ ಬೆಲೆ ₹6,400 ಇತ್ತು, ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಕೇಳಿದರು. 2023ರ ಜೂನಿನಲ್ಲಿ ಹರಿಯಾಣದ ರೈತರು ಇದೇ ಬೆಲೆಗಾಗಿ ಹೆದ್ದಾರಿಯಲ್ಲಿ ಕೂತರು. ನಮ್ಮ ಕಾಕಾ ಕೂರಲಿಲ್ಲ, ಸುಮ್ನೆ ಮಾರಿ ಬಂದರು. ಬೀಜ, ಗೊಬ್ಬರ ತಂದದ್ದು ಯುದ್ಧದ ರೇಟಿಗೆ, ಕಾಳು ಮಾರಿದ್ದು ಯುದ್ಧ ಇಲ್ಲದ ರೇಟಿಗೆ.

ಆಮೇಲೂ ಅದೇ ಆಟ. 2024ರ ಸೆಪ್ಟೆಂಬರಿನಲ್ಲಿ ಎಣ್ಣೆಯ ಆಮದು ಸುಂಕ ಏರಿಸಿದರು, 2025ರ ಮೇ ಕೊನೆಗೆ ಇಳಿಸಿದರು. ಕೊಳ್ಳುವವರಿಗೆ ಸುಂಕ ಇಳಿದರೆ ಒಳ್ಳೆಯದು, ಬೆಳೆಯುವವರಿಗೆ ಏರಿದರೆ ಒಳ್ಳೆಯದು ಅಂತ ಪೇಪರಿನಲ್ಲಿ ಬರೆಯುತ್ತಾರೆ. ನಮ್ಮ ಹಳ್ಳಿಯಲ್ಲಿ ಬೆಳೆಯುವವರೂ ಕೊಳ್ಳುವವರೂ ಒಂದೇ ಮನೆಯವರು. ಸೂರ್ಯಕಾಂತಿ ಚೀಲ ಮಾರಿ ಬಂದ ಟ್ರ್ಯಾಕ್ಟರಿನಲ್ಲೇ ಸೂರ್ಯಕಾಂತಿ ಎಣ್ಣೆ ಪಾಕೀಟು ತರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಈ ಬೆಳೆ ನಮ್ಮ ದೇಶಕ್ಕೆ ಬಂದದ್ದೂ ಆ ಕಡೆಯಿಂದಲೇ. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ತಂದ ಬೀಜದಿಂದ ಇಲ್ಲಿ ಎಣ್ಣೆಗಾಗಿ ಸೂರ್ಯಕಾಂತಿ ಬೆಳೆಯುವುದು ಶುರುವಾಯಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಎಸ್‌ಎಚ್-1 ಅನ್ನುವ ಹೈಬ್ರಿಡ್ ಕೊಟ್ಟಿತು. 1990ರ ದಶಕದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರಿಗೂ ಜಾಸ್ತಿ ಇತ್ತು, ಕರ್ನಾಟಕವೇ ಮುಂದೆ. ಆಮೇಲೆ ರೋಗ, ಹಕ್ಕಿ ಕಾಟ, ಅಗ್ಗದ ಆಮದು ಎಣ್ಣೆ ಎಲ್ಲ ಸೇರಿ ಕೆಲವೇ ಲಕ್ಷ ಹೆಕ್ಟೇರಿಗೆ ಇಳಿಯಿತು. ಇಳಿದಿರದಿದ್ದರೆ 2022ರಲ್ಲಿ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಉಕ್ರೇನಿನ ಹಳ್ಳಿಯವರ ಪಾಡು ನಮಗಿಂತ ಎಷ್ಟೋ ಕಷ್ಟದ್ದು. ಬಂದರು ಬಂದ್ ಆದಾಗ ಜಗತ್ತಿನಲ್ಲಿ ಎಣ್ಣೆ ದುಬಾರಿ ಆಯಿತು, ಅಲ್ಲಿನ ರೈತನ ಕಾಳು ಮಾತ್ರ ಗೋದಾಮಿನಲ್ಲೇ ಕೂತು ಅಗ್ಗ ಆಯಿತು. ಅವನು ಕಳೆದುಕೊಂಡ, ನಾವೂ ಕಳೆದುಕೊಂಡೆವು. ಹೊಲಗಳಲ್ಲಿ ನೆಲಬಾಂಬು ಹುಗಿದಿದ್ದಾರೆ, ಟ್ರ್ಯಾಕ್ಟರ್ ಹೊಡೆಯುವಾಗ ಸ್ಫೋಟ ಆಗಿ ಸತ್ತವರಿದ್ದಾರೆ. 2023ರ ಜೂನ್ 6ರಂದು ನಿಪ್ರೊ ನದಿಯ ಕಖೋವ್ಕಾ ಅಣೆಕಟ್ಟು ಒಡೆದುಹೋಯಿತು. ಕೆಳಗಿನ ಹಳ್ಳಿಗಳು ಮುಳುಗಿದವು, ಮೇಲಿನ ಜಲಾಶಯ ಬರಿದಾಗಿ ಕಾಲುವೆಗಳು ಒಣಗಿದವು. ಮುಳುಗಡೆ ಅಂದರೇನು ಅಂತ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟ ಬಾಗಲಕೋಟೆಯವರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮವರಿಗೆ ನೋಟಿಸು ಬಂದಿತ್ತು, ಪರಿಹಾರ ಕಡಿಮೆಯೋ ಜಾಸ್ತಿಯೋ ಬಂತು, ಪುನರ್ವಸತಿ ಊರು ಎದ್ದವು. ಆ ಜನಕ್ಕೆ ಬೆಳಗಾಗುವುದರೊಳಗೆ ನೀರು ಬಂತು.

ನಮ್ಮ ದೇಶದ್ದೇ ಗಡಿ ಬಿಸಿಯಾದಾಗಲೂ ಈ ಕಟ್ಟೆಯಲ್ಲಿ ಗೊತ್ತಾಗುತ್ತದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇದೆ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರೂ ಜಿಲ್ಲೆಯ ಹಳ್ಳಿಗಳಲ್ಲಿ ಸೈನ್ಯಕ್ಕೆ ಮಗನನ್ನು ಕಳಿಸಿದ ಮನೆಗಳು ಬಹಳ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ಆದಾಗ ರಜೆಗೆ ಬಂದ ಹುಡುಗರನ್ನೆಲ್ಲ ವಾಪಸ್ ಕರೆದರು. ಮಗ ಹೊರಡುವಾಗ ಡಬ್ಬಿ ತುಂಬಿ ಕೊಡಬೇಕು ಅಂತ ಕಾಳು ಕೊಟ್ಟು ಹೋಗಿದ್ದ ತಾಯಿಯೊಬ್ಬರು ಎಣ್ಣೆ ಒಯ್ಯಲು ಬಂದರು, ಮಗ ಮುಂಜಾನೆಯೇ ರೈಲು ಹತ್ತಿದ್ದ. ಆ ಮನೆಯ ಸಾಲದ ಕಂತು, ತಂಗಿಯ ಓದು, ಬೋರ್‌ವೆಲ್ ಎಲ್ಲ ಆ ಹುಡುಗನ ಪಗಾರದಲ್ಲೇ ನಡೆಯುವುದು. ಮಾಲಕರು ಅವತ್ತು ಕೂಲಿ ಮುಟ್ಟಲಿಲ್ಲ.

ಈ ಗಾಣದಲ್ಲಿ ಸರಿಯಾಗಬೇಕಾದದ್ದೂ ಇದೆ. ಕರೆಂಟು ಹೋದರೆ ಕೆಲಸ ನಿಲ್ಲುತ್ತದೆ, ಜನರೇಟರ್ ಇಲ್ಲ. ಕೂರೋಕೆ ಒಂದೇ ಕಟ್ಟೆ, ಬೇಸಿಗೆಯಲ್ಲಿ ತಗಡಿನ ಕೆಳಗೆ ಬೇಯುತ್ತದೆ, ಕುಡಿಯುವ ನೀರು ನೀವೇ ಒಯ್ಯಬೇಕು. ಸರದಿಗೆ ಚೀಟಿ ಕೊಡಲ್ಲ, ಬಾಯಿಮಾತಿನ ಮೇಲೆ ನಡೆಯುತ್ತದೆ, ಗಟ್ಟಿ ಗಂಟಲಿನವರು ಮುಂದೆ ಹೋಗಿಬಿಡುತ್ತಾರೆ. ವಯಸ್ಸಾದವರಿಗೆ ಇದರಿಂದ ತೊಂದರೆ, ದಯವಿಟ್ಟು ಚೀಟಿ ಮಾಡಿ ಅಂತ ನಾನೂ ಹೇಳಿದ್ದೇನೆ. ಇವರ ಹತ್ತಿರವೇ ಸಿದ್ಧ ಎಣ್ಣೆ ಕೊಳ್ಳುವುದಾದರೆ ಕುಸುಬಿ ಕೆಜಿಗೆ ₹300ರ ಮೇಲೆ ಹೇಳುತ್ತಾರೆ, ಅದು ನನಗೆ ಜಾಸ್ತಿ ಅನ್ನಿಸಿತು. ಕಾಳು ಕೊಂಡು ತಂದು ಹಾಕಿಸಿದರೂ ಅದಕ್ಕಿಂತ ಕಡಿಮೆ ಬೀಳುತ್ತದೆ. ಹೊಸಬರಿಗೆ ಕಾಳು ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಮಾಲಕರೇ ಬೆಳೆದವರ ಮನೆ ತೋರಿಸುತ್ತಾರೆ, ನಡುವೆ ಕಮಿಷನ್ ಇಲ್ಲ.

ಹೊಸ ಕುಸುಬಿ ಫೆಬ್ರವರಿ, ಮಾರ್ಚಿಗೆ ಬರುತ್ತದೆ, ಆಗ ಗದ್ದಲ ಜಾಸ್ತಿ. ಯುಗಾದಿ ಮುಗಿದ ಮೇಲೆ ಹೋದರೆ ಬೇಗ ಆಗುತ್ತದೆ. ಬೆಳಗ್ಗೆ ಎಂಟಕ್ಕೆ ಶುರು ಮಾಡುತ್ತಾರೆ, ಅಮಾವಾಸ್ಯೆಗೆ ಬಂದ್. ಕಾಳು ಚೆನ್ನಾಗಿ ಒಣಗಿಸಿ, ಕಲ್ಲು ಮಣ್ಣು ತೆಗೆದು ಒಯ್ಯಿರಿ. ಎಣ್ಣೆಗೆ ಸ್ಟೀಲ್ ಕ್ಯಾನು, ಹಿಂಡಿಗೆ ಬೇರೆ ಚೀಲ ಬೇಕು. ಒಂದು ಎಕರೆ ಎರಿ ಹೊಲ ಇರುವವರು ಈ ಹಿಂಗಾರಿಗೆ ಜೋಳದ ನಡುವೆ ನಾಲ್ಕು ಸಾಲು ಕುಸುಬಿ ಹಾಕಿ, ವರ್ಷದ ಒಗ್ಗರಣೆಯ ಎಣ್ಣೆಗೆ ನಗದು ಎಣಿಸುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಬೀಜ ಬೇಕಾದವರು ಸೆಪ್ಟೆಂಬರ್ ಒಳಗೇ ಮಾಲಕರಿಗೆ ಹೇಳಿಡಿ, ಒಳ್ಳೆ ಕಾಳು ತೆಗೆದಿಟ್ಟಿರುತ್ತಾರೆ.